ನಾನ್‌ಕಟಾಯಿಯ ವಾಸನೆ ಹುಟ್ಟುವುದೆಲ್ಲಿ?

ದೀಪಾವಳಿ ಹತ್ತಿರ ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಕಡೆಯ ಬೇಕರಿಗಳ ಹಿಂಬಾಗಿಲಲ್ಲಿ ಗದ್ದಲ ಶುರು. ಮೈದಾ, ಪುಡಿಸಕ್ಕರೆ, ತುಪ್ಪ ಇಲ್ಲವೇ ಡಾಲ್ಡಾ, ಒಂದಿಷ್ಟು ಕಡಲೆಹಿಟ್ಟು, ರವೆ, ಏಲಕ್ಕಿ ಎಲ್ಲ ಕಟ್ಟಿಕೊಂಡು, ಜೊತೆಗೊಂದು ಖಾಲಿ ಡಬ್ಬಿ ಹಿಡಿದು ಜನ ಬರುತ್ತಾರೆ. ಚಕಲಿ, ಶಂಕರಪೋಳಿ, ಕರಚಿಕಾಯಿಗೆ ಮನೆಯ ಕಡಾಯಿ ಸಾಕು; ನಾನ್‌ಕಟಾಯಿಗೆ ಭಟ್ಟಿಯೇ ಬೇಕು. ಕರೋಶಿಯಂಥ ಊರಿನಿಂದ ಪೇಟೆಗೆ ಹೋಗಲಾಗದವರಿಗೆ ಇನ್ನೊಂದು ದಾರಿಯಿದೆ. ದಪ್ಪ ಪಾತ್ರೆಯ ತಳಕ್ಕೆ ಮರಳು ಹಾಕಿ ಒಲೆಯ ಮೇಲಿಟ್ಟು, ಬಿಸ್ಕೀಟಿನ ತಾಟನ್ನು ಒಳಗಿಳಿಸಿ, ಮುಚ್ಚಳದ ಮೇಲೂ ಕೆಂಡ ಹರಡುವುದು. ಮರಳು ಉರಿಯ ಏರಿಳಿತವನ್ನು ತಾನು ನುಂಗಿ ತಾಟಿಗೆ ಒಂದೇ ಸಮನೆ ಶಾಖ ಕೊಡುತ್ತದೆ, ಹೀಗಾಗಿ ತಳ ಸೀಯುವುದಿಲ್ಲ.

ಭಟ್ಟಿಯೂ ದೊಡ್ಡ ಪ್ರಮಾಣದಲ್ಲಿ ಮಾಡುವುದು ಇದನ್ನೇ. ಹಳೆಯ ಮಾದರಿಯ ಕಟ್ಟಿಗೆ ಭಟ್ಟಿ ಎಂದರೆ ತಗ್ಗು ಕಮಾನಿನ ಇಟ್ಟಿಗೆ ಗೂಡು. ಕಟ್ಟಿಗೆಯನ್ನು ಅದರ ಹೊಟ್ಟೆಯೊಳಗೇ ಉರಿಸಿ, ಕೆಂಡವನ್ನು ಬದಿಗೆ ಎಳೆಯುತ್ತಾರೆ. ಆಮೇಲೆ ಬೇಯಿಸುವುದು ಬೆಂಕಿಯಲ್ಲ. ನೆಲ ಮತ್ತು ಕಮಾನು ಹೀರಿಟ್ಟುಕೊಂಡ ಶಾಖ. ಅದು ಗಂಟೆಗಟ್ಟಲೆ ಮೆಲ್ಲಗೆ ಇಳಿಯುತ್ತದೆ, ಬೇಕರಿಯವರ ದಿನಚರಿ ಆ ಇಳಿತಕ್ಕೆ ಹೊಂದಿಕೊಂಡಿರುತ್ತದೆ. ಭಟ್ಟಿ ಕಾದು ಕೆಂಪಾಗಿದ್ದಾಗ ಪಾವು, ಸ್ವಲ್ಪ ಇಳಿದ ಮೇಲೆ ಬಿಸ್ಕೀಟು, ಕೊನೆಯ ಬಿಸಿಯಲ್ಲಿ ಟೋಸ್ಟು ಒಣಗಿಸುವುದು. "ಇನ್ನ ತಡೀರಿ ಅಕ್ಕಾರ, ಈಗ ಹಾಕಿದ್ರ ಕರಕಾಗ್ತಾವು" ಎಂದು ಭಟ್ಟಿಯವರು ಸರದಿಯಲ್ಲಿ ನಿಂತವರನ್ನು ಕಾಯಿಸುವುದು ಸುಮ್ಮನೆ ಅಲ್ಲ. ನಾನ್‌ಕಟಾಯಿಗೆ ಬೇಕಾದದ್ದು ಸುಮಾರು 160ರಿಂದ 180 ಡಿಗ್ರಿ ಸೆಲ್ಸಿಯಸ್. ಅನುಭವಿ ಕೈಗೆ ಥರ್ಮಾಮೀಟರ್ ಬೇಡ: ಒಂದು ಚಿಟಿಕೆ ಮೈದಾ ಒಳಗೆ ಎಸೆದು, ಅದು ಎಷ್ಟು ಬೇಗ ಕಂದಾಗುತ್ತದೆ ಎಂದು ನೋಡಿದರೆ ತಿಳಿಯುತ್ತದೆ.

ಆ ಕಂದು ಬಣ್ಣದಲ್ಲೇ ಇರುವುದು ವಾಸನೆಯ ಗುಟ್ಟು. ಹಸಿ ಮೈದಾಕ್ಕೆ ಹೇಳಿಕೊಳ್ಳುವಂಥ ವಾಸನೆಯಿಲ್ಲ, ಸಕ್ಕರೆಗಂತೂ ಇಲ್ಲವೇ ಇಲ್ಲ. ಬೀದಿಯ ತುದಿಯವರೆಗೂ ಹಬ್ಬುವ ಆ ಪರಿಮಳದ ಬಹುಪಾಲು ಭಟ್ಟಿಯೊಳಗೇ ತಯಾರಾದದ್ದು. ಹಿಟ್ಟಿನಲ್ಲಿ ನೀರಿನಂಶ ಇರುವವರೆಗೆ ಅದರ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಮೇಲ್ಮೈ ಒಣಗಿ ಸುಮಾರು 140 ಡಿಗ್ರಿ ದಾಟಿದಾಗ ಸಕ್ಕರೆಯೂ ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳೂ ಚುರುಕಾಗಿ ಕೂಡಿಕೊಂಡು, ನೂರಾರು ಹೊಸ ಸಂಯುಕ್ತಗಳು ಹುಟ್ಟುತ್ತವೆ. ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್ 1912ರಲ್ಲಿ ವಿವರಿಸಿದ್ದರಿಂದ ಈ ಕ್ರಿಯೆಗೆ ಅವರದೇ ಹೆಸರು. ಪಂಚಮಿಗೆ ಆವಿಯಲ್ಲಿ ಬೇಯಿಸುವ ಕಡುಬು ಬೆಳ್ಳಗೇ ಉಳಿಯುವುದು, ಕಾದ ಎಣ್ಣೆಗೆ ಬಿದ್ದ ಚಕಲಿ ಕೆಂಪಾಗಿ ಘಮ್ಮೆನ್ನುವುದು, ಎರಡಕ್ಕೂ ಕಾರಣ ಇದೇ. ಕಬ್ಬಿನ ಹಾಲು ಕುದ್ದು ಬೆಲ್ಲವಾಗುವಾಗ ಬರುವ ಬಣ್ಣ, ವಾಸನೆಯಲ್ಲೂ ಈ ಕ್ರಿಯೆಯ ಪಾಲಿದೆ; ಕೃಷ್ಣಾ, ದೂಧಗಂಗಾ ಬಯಲಿನವರಿಗೆ ಆ ವಾಸನೆಯನ್ನು ಪರಿಚಯಿಸಬೇಕಾಗಿಲ್ಲ.

ಮೈಯಾರ್ ಹೆಸರು ಕೇಳದ ಅಡುಗೆಯವರೂ ಇದನ್ನು ಚೆನ್ನಾಗಿಯೇ ದುಡಿಸಿಕೊಂಡಿದ್ದಾರೆ. ನಾನ್‌ಕಟಾಯಿಗೆ ಬೆರೆಸುವ ಕಡಲೆಹಿಟ್ಟಿನಲ್ಲಿ ಮೈದಾಕ್ಕಿಂತ ಹೆಚ್ಚು ಪ್ರೋಟೀನು ಇದೆ, ಅದರಲ್ಲೂ ಈ ಕ್ರಿಯೆಗೆ ಬಲು ಬೇಗ ಒಗ್ಗುವ ಲೈಸಿನ್ ಎಂಬ ಅಮೈನೋ ಆಮ್ಲ ಹೇರಳ. ಚಿಟಿಕೆ ಸೋಡಾ ಹಿಟ್ಟನ್ನು ಉಬ್ಬಿಸುವುದಷ್ಟೇ ಅಲ್ಲ, ಅದರ ಕ್ಷಾರಗುಣದಿಂದ ಕಂದಾಗುವಿಕೆಯೂ ಚುರುಕಾಗುತ್ತದೆ.

ಇನ್ನು ಮೂಗಿನ ಕೆಲಸ. ಮನುಷ್ಯನ ಮೂಗಿನ ಮೇಲ್ಭಾಗದಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಒಂದೊಂದು ವಾಸನೆಗೂ ಒಂದೊಂದು ಗ್ರಾಹಕ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಾರ್ಮೋನಿಯಂನಲ್ಲಿ ಬೇರೆ ಬೇರೆ ಮನೆಗಳನ್ನು ಒಟ್ಟಿಗೆ ಒತ್ತಿದಂತೆ, ಒಂದು ಅಣು ಹಲವು ಗ್ರಾಹಕಗಳನ್ನು ಕೆಣಕುತ್ತದೆ. ಮೆದುಳು ಓದುವುದು ಆ ಜೋಡಣೆಯನ್ನು. ಈ ಗ್ರಾಹಕಗಳ ಜೀನ್‌ಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆ್ಯಕ್ಸೆಲ್ 1991ರಲ್ಲಿ ಪತ್ತೆಹಚ್ಚಿದರು, 2004ರಲ್ಲಿ ನೊಬೆಲ್ ಪಡೆದರು.

ನೋಟ, ಶಬ್ದ, ಸ್ಪರ್ಶಗಳೆಲ್ಲ ಮೆದುಳಿನ ಥಾಲಮಸ್ ಎಂಬ ನಾಕೆಯನ್ನು ದಾಟಿಯೇ ಮುಂದೆ ಹೋಗಬೇಕು. ವಾಸನೆಗೆ ಆ ಕಟ್ಟಳೆಯಿಲ್ಲ. ಮೂಗಿನ ಹಿಂದಿನ ಘ್ರಾಣಕಂದದಿಂದ ಅದು ಭಾವನೆಯ ಕೇಂದ್ರವಾದ ಅಮಿಗ್ಡಾಲಕ್ಕೆ ನೇರವಾಗಿ, ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್‌ಗೆ ಒಂದೆರಡು ಹೆಜ್ಜೆಯಲ್ಲಿ ತಲುಪುತ್ತದೆ. ವಾಸನೆಯ ಹೆಸರು ನಾಲಿಗೆಗೆ ಬರುವ ಮೊದಲೇ ಎದೆ ತುಂಬಿ ಬರುವುದು ಅದಕ್ಕೇ ಇರಬೇಕು. ಸ್ವೀಡನ್ನಿನ ಯೋಹಾನ್ ವಿಲಾಂಡರ್ ಮತ್ತು ಮರಿಯಾ ಲಾರ್ಸನ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿರಿಯರಿಗೆ ಪದ ಮತ್ತು ಚಿತ್ರಗಳು ಹೆಚ್ಚಾಗಿ ಹರೆಯದ ದಿನಗಳನ್ನು ನೆನಪಿಸಿದವು. ವಾಸನೆ ಮಾತ್ರ ಹತ್ತು ವರ್ಷದೊಳಗಿನ ಬಾಲ್ಯಕ್ಕೆ ಕರೆದೊಯ್ದಿತು. ಪುಣೆಯಲ್ಲೋ ದುಬೈಯಲ್ಲೋ ಇರುವ ಚಿಕ್ಕೋಡಿಯ ಮಂದಿಗೆ ಈ ಸಂಶೋಧನೆ ಹೊಸದೆನಿಸಲಾರದು.

ಆದರೆ ಈ ನೆನಪು ರುಚಿಯ ತೀರ್ಪುಗಾರನಲ್ಲ. 1937ರಲ್ಲಿ ಮಾರುಕಟ್ಟೆಗೆ ಬಂದ ಡಾಲ್ಡಾ ವನಸ್ಪತಿ ಎಷ್ಟೋ ಮನೆಗಳಲ್ಲಿ ತುಪ್ಪದ ಜಾಗ ಹಿಡಿಯಿತು. ಅದರ ನಾನ್‌ಕಟಾಯಿ ತಿಂದು ಬೆಳೆದವರು ಇಂದು ಅಪ್ಪಟ ತುಪ್ಪದಲ್ಲಿ ಮಾಡಿ, "ಆವಾಗಿನ ವಾಸನಿ ಬರವಲ್ದು" ಎಂದರೆ ಆಶ್ಚರ್ಯವಿಲ್ಲ. ಮೆದುಳು ಹಿಡಿದಿಟ್ಟುಕೊಂಡದ್ದು ಅಗ್ಗದ ಜಿಡ್ಡಿನ ವಾಸನೆಯನ್ನು. ಆ ಹಳೆಯ ವನಸ್ಪತಿಯೂ ಈಗ ಹಾಗೆಯೇ ಉಳಿದಿಲ್ಲ: ಹೃದಯಕ್ಕೆ ಕೇಡಾದ ಟ್ರಾನ್ಸ್ ಕೊಬ್ಬಿಗೆ 2022ರ ಜನವರಿಯಿಂದ ಭಾರತದಲ್ಲಿ ಶೇ 2ರ ಮಿತಿ ಜಾರಿಯಲ್ಲಿದೆ. ನೆನಪು ಕಳೆದುಕೊಂಡದ್ದು ಆರೋಗ್ಯದ ಮಟ್ಟಿಗೆ ಲಾಭವೇ.

ಇಡೀ ದಿನ ಭಟ್ಟಿಯ ಮುಂದೆ ನಿಲ್ಲುವವರಿಗೆ ಈ ಪರಿಮಳ ತಿಳಿಯುವುದೇ ಕಡಿಮೆ. ಒಂದೇ ವಾಸನೆ ಎಡೆಬಿಡದೆ ಬಂದರೆ ಮೂಗೂ ಮೆದುಳೂ ಅದನ್ನು ಲೆಕ್ಕಕ್ಕಿಡುವುದನ್ನು ಬಿಡುತ್ತವೆ. ಹೊರಗಿನ ಗಾಳಿಗೆ ಹೋಗಿ ಬಂದರೆ ಮತ್ತೆ ತಿಳಿಯುತ್ತದೆ. ಕೋವಿಡ್ ಬಂದಾಗ ಆದದ್ದು ಬೇರೆ. ಆಗ ಅನೇಕರಿಗೆ ವಾಸನೆಯೇ ಹೊರಟುಹೋಯಿತು, ಕೆಲವರಿಗೆ ತಿಂಗಳುಗಟ್ಟಲೆ ಬರಲಿಲ್ಲ. ಅಂಥವರಿಗೆ ವೈದ್ಯರು ಹೇಳಿದ ಉಪಾಯಗಳಲ್ಲಿ ಒಂದು ಜರ್ಮನಿಯ ಥಾಮಸ್ ಹುಮ್ಮೆಲ್ ತಂಡ 2009ರಲ್ಲಿ ಪ್ರಕಟಿಸಿದ ಮೂಗಿನ ತಾಲೀಮು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕನ್ನು ಬೆಳಿಗ್ಗೆ ಸಂಜೆ ಕೆಲವು ಸೆಕೆಂಡು ಮೂಸುತ್ತ 12 ವಾರ ನಡೆಸುವುದು. ಇದು ಅನೇಕರಿಗೆ ಫಲ ಕೊಟ್ಟಿದೆ; ಮೂಗಿನ ನರಕೋಶಗಳು ಆಯುಷ್ಯವಿಡೀ ಹೊಸದಾಗಿ ಹುಟ್ಟುತ್ತಲೇ ಇರುವುದು ಅದಕ್ಕೆ ಕಾರಣವಿರಬಹುದು. ಲವಂಗವೂ ನಿಂಬೆಯೂ ಅಡುಗೆಮನೆಯಲ್ಲೇ ಇರುತ್ತವೆ; ನೀಲಗಿರಿ ಎಣ್ಣೆಯ ಮುಖ್ಯ ವಾಸನಾದ್ರವ್ಯವಾದ ಸಿನಿಯೋಲ್, ನಾನ್‌ಕಟಾಯಿಗೆ ಹಾಕುವ ಏಲಕ್ಕಿಯಲ್ಲೂ ಧಾರಾಳವಾಗಿದೆ.