ಗರಿಗರಿ ಸೀಗಡಿಯ ಗುಟ್ಟೆಲ್ಲ ನೀರಿನಲ್ಲಿದೆ

ಚೈನೀಸ್ ಹೋಟೆಲಿನಲ್ಲಿ ಸೀಗಡಿ ತಿಂದವರಿಗೆಲ್ಲ ಗೊತ್ತಿರುವ ಸಂಗತಿ ಇದು. ಕಚ್ಚಿದೊಡನೆ ಹೊರಗಿನ ಪದರ ಕರುಂ ಎಂದು ಮುರಿಯುತ್ತದೆ. ಒಳಗಿನ ಮಾಂಸ ಮಾತ್ರ ರಸ ತುಂಬಿಕೊಂಡು ಹಲ್ಲಿಗೆ ಪುಟಿಯುತ್ತದೆ. ಅದೇ ಸೀಗಡಿಯನ್ನು ರೂಮಿನಲ್ಲಿ ಮಾಡಿದರೆ ಹೊರಗೆ ಮೆತ್ತಗೆ, ಒಳಗೆ ರಬ್ಬರು! ಆಮೇಲೆ ಸಮಾಧಾನದ ಮಾತು ಶುರುವಾಗುತ್ತದೆ. ‘ಅವರು ಅದೇನೋ ಪೌಡರ್ ಹಾಕ್ತಾರಂತೆ’, ‘ಅವರ ಒಲೆಯೇ ಬೇರೆ ಬಿಡು’, ‘ಅದಕ್ಕೆಲ್ಲ ಕೈಗುಣ ಬೇಕು ಗುರು’.

ಒಲೆಯ ಮಾತಿನಲ್ಲೂ ಪೌಡರಿನ ಮಾತಿನಲ್ಲೂ ಸ್ವಲ್ಪ ಸತ್ಯವಿದೆ. ಕೈಗುಣದ ಮಾತಿನಲ್ಲಿ ಇಲ್ಲ. ಇಡೀ ಅಡುಗೆಯನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ಸೀಗಡಿಯ ಒಳಗಿನ ನೀರು ಒಳಗೇ ಉಳಿಯಬೇಕು, ಹೊರಗಿನ ನೀರು ಪೂರ್ತಿ ಹೋಗಬೇಕು. ಚೀನೀ ಅಡುಗೆಯವರು ಮಾಡುವ ಒಂದೊಂದು ಕೆಲಸವೂ ಈ ಎರಡರಲ್ಲಿ ಒಂದಕ್ಕಾಗಿ.

ಇದನ್ನು ತಿಳಿದುಕೊಳ್ಳುವುದರಲ್ಲಿ ಜೇಬಿನ ಪ್ರಶ್ನೆಯೂ ಇದೆ. ಒಳ್ಳೆಯ ಹೋಟೆಲಿನ ಒಂದು ಪ್ಲೇಟಿನಲ್ಲಿ ಎಂಟೋ ಹತ್ತೋ ಸೀಗಡಿ ಇರುತ್ತವೆ. ಇಂಟರ್‌ವ್ಯೂ ಕರೆಗೆ ಕಾಯುತ್ತಾ ತಿಂಗಳ ಖರ್ಚನ್ನು ಲೆಕ್ಕ ಹಾಕಿ ಬದುಕುವವರಿಗೆ ಅದು ದುಬಾರಿ. ಮನೆಯಲ್ಲಿ ಮಾಡಿಕೊಂಡರೆ ಉಳಿತಾಯ ನಿಜ. ಆದರೆ ದುಡ್ಡು ಕೊಟ್ಟು ತಂದ ಅರ್ಧ ಕೆ.ಜಿ. ಸೀಗಡಿ ರಬ್ಬರಾದರೆ ಆ ವಾರದ ಬಜೆಟ್ಟಿಗೇ ಕನ್ನ. ಹಾಗಾಗಿ ಎಣ್ಣೆ ಕಾಯಿಸುವ ಮೊದಲು ಕಾರಣಗಳನ್ನು ತಿಳಿದುಕೊಳ್ಳೋಣ.

ಯಾವ ಊರಿನ ಚೈನೀಸ್?

ನಮ್ಮಲ್ಲಿ ‘ಚೈನೀಸ್’ ಎಂದು ಸಿಗುವುದರಲ್ಲಿ ಎರಡು ದಾರಿಗಳಿವೆ. ಒಂದು, ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ, ಅಂದರೆ ಕ್ಯಾಂಟನೀಸ್ ಅಡುಗೆ. ಅಲ್ಲಿನ ಹೆಸರಾಂತ ತಿನಿಸು ಉಪ್ಪು-ಮೆಣಸಿನ ಸೀಗಡಿ. ಹುರಿದ ಉಪ್ಪು, ಸಿಚುವಾನ್ ಮೆಣಸು, ಬೆಳ್ಳುಳ್ಳಿ, ಹಸಿಮೆಣಸು ಇಷ್ಟೇ, ಸಾಸ್ ಇಲ್ಲ. ತೆಳು ಚಿಪ್ಪಿನ ಸೀಗಡಿಯಾದರೆ ಚಿಪ್ಪಿನ ಸಮೇತ ಕರಿದು, ಹಾಗೇ ಅಗಿದು ತಿನ್ನುವವರೂ ಇದ್ದಾರೆ.

ಇನ್ನೊಂದು ಭಾರತದ್ದೇ ಆದ ಚೈನೀಸ್. ಕೋಲ್ಕತ್ತದಲ್ಲಿ ನೆಲೆಸಿದ ಚೀನೀ ಸಮುದಾಯದ, ಅದರಲ್ಲೂ ಟಾಂಗ್ರಾ ಪ್ರದೇಶದ ಹಕ್ಕಾ ಕುಟುಂಬಗಳ ಅಡುಗೆಮನೆಗಳಲ್ಲಿ ಇದು ಬೆಳೆಯಿತು. ಕೋಲ್ಕತ್ತದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಚಿಕನ್ ಮಂಚೂರಿಯನ್ ಮಾಡಿದರೆಂದು ಹೇಳಲಾಗುತ್ತದೆ. ನಮ್ಮ ಬೀದಿ ಬದಿಯ ಗೋಬಿ ಮಂಚೂರಿ, ಚಿಲ್ಲಿ ಪ್ರಾನ್ಸ್ ಎಲ್ಲವೂ ಇದೇ ಬಳಗದವು.

ಗರಿಗರಿತನವೇ ಬೇಕೆನ್ನುವವರು ಮೊದಲನೆಯ ದಾರಿ ಹಿಡಿಯುವುದು ಒಳ್ಳೆಯದು. ಕಾರಣ ಸರಳ. ಸಾಸ್ ಎಂದರೆ ನೀರು. ಎಷ್ಟೇ ಚೆನ್ನಾಗಿ ಕರಿದರೂ ಸಾಸಿನಲ್ಲಿ ಹೊರಳಿದ ಸೀಗಡಿ ಕೆಲವೇ ನಿಮಿಷಗಳಲ್ಲಿ ಮೆತ್ತಗಾಗುತ್ತದೆ.

ತಲೆ ನೋಡಿ ಕೊಳ್ಳಿ

ಕುಂದಾಪುರದ ಕಡೆ ಚಟ್ಲಿ, ತುಳುವಿನಲ್ಲಿ ಎಟ್ಟಿ, ಕೊಂಕಣಿಯಲ್ಲಿ ಸುಂಗಟ. ಹೆಸರು ಏನೇ ಇರಲಿ, ಕೊಳ್ಳುವಾಗ ನೋಡಬೇಕಾದದ್ದು ಒಂದೇ. ‘ತಲಿ ಗಟ್ಟಿ ಇತ್ತಾ ಕಾಣ್ ಮಗಾ’ ಎಂದು ಕುಂದಾಪುರದ ಮೀನು ಮಾರುವ ಅಮ್ಮಂದಿರು ಹೇಳುವುದರಲ್ಲಿ ಪೂರ್ತಿ ಪಾಠವಿದೆ. ಸೀಗಡಿಯ ಜೀರ್ಣಾಂಗ ಇರುವುದು ತಲೆಯ ಭಾಗದಲ್ಲಿ. ಸತ್ತ ಮೇಲೆ ಅಲ್ಲಿನ ಕಿಣ್ವಗಳು ಮೊದಲು ತಲೆಯ ಬುಡವನ್ನೇ ಸಡಿಲಗೊಳಿಸುತ್ತವೆ. ತಲೆ ಜೋತಾಡುತ್ತಿದ್ದರೆ, ಅಮೋನಿಯಾದಂಥ ಮೂಗು ಚುಚ್ಚುವ ವಾಸನೆ ಇದ್ದರೆ ಮುಂದಿನ ಅಂಗಡಿಗೆ ಹೋಗಿ. ಚಿಪ್ಪಿನ ಮೇಲೆ ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕೆ ಕಂಡರೆ ಅದು ಗಾಳಿ ತಾಗಿ ಬಂದ ಬಣ್ಣ. ಅದೊಂದೇ ಕಾರಣಕ್ಕೆ ಕೆಟ್ಟಿದೆ ಎನ್ನಲಾಗದು.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಕೆರೆ-ಹೊಂಡಗಳಲ್ಲಿ ಸಾಕಿದ ಸೀಗಡಿ ಅಥವಾ ಫ್ರೋಜನ್ ಪೊಟ್ಟಣವೇ ಗತಿ. ಫ್ರೋಜನ್ ಆದರೂ ತೊಂದರೆಯಿಲ್ಲ. ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಅರೆಯಲ್ಲಿಟ್ಟು ನಿಧಾನವಾಗಿ ಕರಗಿಸಿ. ಬಿಸಿನೀರು ಹುಯ್ದರೆ ಹೊರಭಾಗ ಅರೆಬೆಂದು ಹೋಗುತ್ತದೆ.

ಇನ್ನೊಂದು ಲೆಕ್ಕ: ತಲೆ, ಚಿಪ್ಪು ತೆಗೆದರೆ ತೂಕ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕಾಲು ಕೆ.ಜಿ. ಮಾಂಸ ಬೇಕೆಂದರೆ ಇಡೀ ಸೀಗಡಿ ಅರ್ಧ ಕೆ.ಜಿ. ಕೊಳ್ಳಬೇಕು. ಬೆನ್ನಿನ ಮೇಲೆ ಚಾಕುವಿನಿಂದ ಸಣ್ಣಗೆ ಗೀರಿ, ಅಲ್ಲಿರುವ ಕಪ್ಪು ದಾರವನ್ನು ಎಳೆದು ತೆಗೆಯಿರಿ. ಅದು ನರವಲ್ಲ, ಕರುಳು.

ಒಳಗಿನ ನೀರು ಉಳಿಯಲಿ

ಹೋಟೆಲಿನ ಸೀಗಡಿ ಪುಟಿಯುವುದಕ್ಕೆ ಕಾರಣವಾದ ‘ಅದೇನೋ ಪೌಡರ್’ ನಿಮ್ಮ ಅಡುಗೆಮನೆಯಲ್ಲೇ ಇದೆ. ಅದು ಅಡುಗೆ ಸೋಡಾ. ಬಿಡಿಸಿದ ಕಾಲು ಕೆ.ಜಿ. ಸೀಗಡಿಗೆ ಕಾಲು ಟೀ ಚಮಚ ಉಪ್ಪು, ಒಂದು ದೊಡ್ಡ ಚಿಟಿಕೆ ಸೋಡಾ ಹಾಕಿ ಕಲಸಿ ಫ್ರಿಜ್‌ನಲ್ಲಿ ಇಪ್ಪತ್ತು ನಿಮಿಷ ಇಡಿ. ಫ್ರಿಜ್ ಇಲ್ಲದಿದ್ದರೆ ಐಸ್ ಹಾಕಿದ ನೀರಿನ ಪಾತ್ರೆಯ ಮೇಲೆ ಬಟ್ಟಲಿಡಿ.

ಮಾಂಸಕ್ಕೆ ಶಾಖ ತಾಗಿದಾಗ ಅದರ ಪ್ರೋಟೀನ್ ಎಳೆಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡು, ಒದ್ದೆ ಬಟ್ಟೆ ಹಿಂಡಿದ ಹಾಗೆ ನೀರನ್ನು ಹೊರಗೆ ಹಿಂಡುತ್ತವೆ. ರಬ್ಬರಾಗುವುದು ಹೀಗೆ. ಸೋಡಾ ಕ್ಷಾರ. ಅದು ತಾಗಿದ ಎಳೆಗಳು ಪರಸ್ಪರ ದೂರ ಸರಿಯುತ್ತವೆ, ಅಷ್ಟು ಬಿಗಿಯಾಗಿ ಅಂಟುವುದಿಲ್ಲ, ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಉಪ್ಪು ಕೂಡ ಇದೇ ಕೆಲಸಕ್ಕೆ ನೆರವಾಗುತ್ತದೆ. ಆದರೆ ಸೋಡಾ ಅತಿಯಾದರೆ ಸೀಗಡಿ ಸೋಪಿನ ರುಚಿ ಕೊಡುತ್ತದೆ. ಟೀ ಚಮಚದ ಎಂಟನೇ ಒಂದು ಭಾಗವನ್ನು ಮೀರಬೇಡಿ. ಬೇಕಿಂಗ್ ಪೌಡರ್ ಬೇರೆ, ಅಡುಗೆ ಸೋಡಾ ಬೇರೆ ಎಂಬುದೂ ನೆನಪಿರಲಿ.

ಹೊರಗಿನ ನೀರು ಹೋಗಲಿ

ಈಗ ಉಲ್ಟಾ ಕೆಲಸ. ಸೀಗಡಿಯನ್ನು ತಣ್ಣೀರಿನಲ್ಲಿ ಒಮ್ಮೆ ತೊಳೆದು, ಒಣ ಬಟ್ಟೆಯ ಮೇಲೆ ಹರಡಿ, ಇನ್ನೊಂದು ಬಟ್ಟೆಯಿಂದ ಒತ್ತಿ ಒರೆಸಿ. ಎಲ್ಲರೂ ಹಾರಿಸುವ ಹೆಜ್ಜೆ ಇದೇ. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಹೊಂಬಣ್ಣ, ಕರಿದ ಪರಿಮಳ ಬರಬೇಕಾದರೆ 140 ಡಿಗ್ರಿಯಾದರೂ ದಾಟಬೇಕು. ಮೈಮೇಲೆ ನೀರಿರುವ ತನಕ ಎಣ್ಣೆಯ ಶಾಖವೆಲ್ಲ ಆ ನೀರನ್ನು ಆವಿ ಮಾಡುವುದರಲ್ಲೇ ಖರ್ಚಾಗುತ್ತದೆ. ಹೊರಗೆ ಬಣ್ಣ ಬರುವಷ್ಟರಲ್ಲಿ ಒಳಗೆ ಬೆಂದು ಬೆಂಡಾಗಿರುತ್ತದೆ.

ಮುಂದಿನದು ಹಿಟ್ಟು. ಮೈದಾದಲ್ಲಿರುವ ಗ್ಲುಟೆನ್ ನೀರಿನೊಡನೆ ಸೇರಿ ಜಾಲ ಕಟ್ಟುತ್ತದೆ, ತೇವ ಹಿಡಿದಿಡುತ್ತದೆ. ಅದಕ್ಕೇ ಮೈದಾದ ಪದರ ತಣ್ಣಗಾದರೆ ಜಗಿಯಬೇಕಾಗುತ್ತದೆ. ಕಾರ್ನ್‌ಫ್ಲೋರ್ ಹಾಗಲ್ಲ. ಅದು ಹೆಚ್ಚೂಕಡಿಮೆ ಬರೀ ಪಿಷ್ಟ. ಬಿಸಿ ಎಣ್ಣೆಯಲ್ಲಿ ನೀರು ಕಳೆದುಕೊಂಡು ಗಾಜಿನಂತೆ ಪೆಡಸಾಗುತ್ತದೆ. ಅಂಗಡಿಯಲ್ಲಿ ಬಿಳಿ ಬಣ್ಣದ ಕಾರ್ನ್‌ಫ್ಲೋರ್ ಎಂದೇ ಕೇಳಿ. ಹಳದಿ ಬಣ್ಣದ ಮೆಕ್ಕೆಜೋಳದ ಹಿಟ್ಟು ರೊಟ್ಟಿಗೆ ಸರಿ, ಇದಕ್ಕಲ್ಲ.

ಅರ್ಧ ಮೊಟ್ಟೆಯ ಬಿಳಿಭಾಗ, ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್, ಚಿಟಿಕೆ ಬಿಳಿ ಕಾಳುಮೆಣಸಿನ ಪುಡಿ ಹಾಕಿ ಸೀಗಡಿಗೆ ತೆಳುವಾಗಿ ಬಳಿಯಿರಿ. ಬಜ್ಜಿ ಹಿಟ್ಟಿನಂತೆ ಸುರಿಯುವಷ್ಟು ನೀರಾಗಿರಬಾರದು. ನಂತರ ತಟ್ಟೆಯಲ್ಲಿ ನಾಲ್ಕು ಚಮಚ ಒಣ ಕಾರ್ನ್‌ಫ್ಲೋರ್ ಹರಡಿ, ಒಂದೊಂದನ್ನೇ ಹೊರಳಿಸಿ, ಹೆಚ್ಚಿನದನ್ನು ಕೊಡವಿ. ಐದು ನಿಮಿಷ ಬಿಟ್ಟರೆ ಹಿಟ್ಟು ಹಿಡಿದುಕೊಳ್ಳುತ್ತದೆ, ಎಣ್ಣೆಯಲ್ಲಿ ಉದುರುವುದಿಲ್ಲ.

ಎರಡು ಸಲ ಎಣ್ಣೆಗೆ

ಹೋಟೆಲಿನ ಒಲೆಯ ಉರಿ ನಮ್ಮ ಗ್ಯಾಸ್ ಒಲೆಗಿಂತ ಎಷ್ಟೋ ಪಟ್ಟು ಜೋರು. ಅವರು ಒಂದು ಸೌಟು ಸೀಗಡಿ ಸುರಿದರೂ ಎಣ್ಣೆಯ ಬಿಸಿ ಬೇಗ ಮೇಲೇರುತ್ತದೆ. ನಮ್ಮಲ್ಲಿ ಹಾಗಾಗದು. ಅದಕ್ಕೆ ಉಪಾಯ ಒಂದೇ: ಸಲಕ್ಕೆ ಆರಕ್ಕಿಂತ ಹೆಚ್ಚು ಬೇಡ. ಸಣ್ಣ, ಆಳದ ಬಾಣಲೆ ಆರಿಸಿಕೊಂಡರೆ ಎಣ್ಣೆಯೂ ಕಡಿಮೆ ಸಾಕು.

ಎಣ್ಣೆ 170ರಿಂದ 180 ಡಿಗ್ರಿಗೆ ಕಾಯಬೇಕು. ಥರ್ಮಾಮೀಟರ್ ಬೇಕಿಲ್ಲ. ಒಣಗಿದ ಮರದ ಸೌಟಿನ ತುದಿ ಅದ್ದಿದರೆ ಸುತ್ತಲೂ ಸಣ್ಣ ಗುಳ್ಳೆಗಳು ಎಡೆಬಿಡದೆ ಏಳುತ್ತಿದ್ದರೆ ಸರಿ. ಸೀಗಡಿ ಬಿಟ್ಟು ಒಂದು ನಿಮಿಷ, ಹೆಚ್ಚೆಂದರೆ ಒಂದೂವರೆ ನಿಮಿಷ. ಬೂದು ಬಣ್ಣ ಹೋಗಿ ಕೆಂಪಡರುವುದು ಕಾಣುತ್ತದೆ. ಆ ಕೆಂಪು ಮೊದಲಿಂದಲೂ ಒಳಗಿತ್ತು. ಆಸ್ಟಾಕ್ಸಾಂಥಿನ್ ಎಂಬ ವರ್ಣದ್ರವ್ಯವನ್ನು ಒಂದು ಪ್ರೋಟೀನ್ ಹಿಡಿದಿಟ್ಟಿರುತ್ತದೆ. ಶಾಖಕ್ಕೆ ಆ ಹಿಡಿತ ಬಿಟ್ಟುಹೋದಾಗ ಬಣ್ಣ ಹೊರಗೆ ಬರುತ್ತದೆ. ಸೀಗಡಿ ಇಂಗ್ಲಿಷಿನ ‘ಸಿ’ ಅಕ್ಷರದಂತೆ ಬಾಗಿದ್ದರೆ ಬೆಂದಿದೆ. ‘ಓ’ ಆಗಿ ಸುರುಳಿ ಸುತ್ತಿಕೊಂಡರೆ ಹೆಚ್ಚಾಯಿತು ಎಂದರ್ಥ.

ತೆಗೆದು ಜಾಲರಿಯ ಮೇಲೆ ಹರಡಿ. ಪೇಪರಿನ ಮೇಲೆ ರಾಶಿ ಹಾಕಿದರೆ ಅಡಿಯಲ್ಲಿ ಆವಿ ಸೇರಿ ಮೆತ್ತಗಾಗುತ್ತದೆ. ಈ ಎರಡು ಮೂರು ನಿಮಿಷಗಳಲ್ಲಿ ಒಳಗಿನ ತೇವ ಮೆಲ್ಲಗೆ ಹೊರಪದರಕ್ಕೆ ಬರುತ್ತದೆ. ಅದನ್ನು ಓಡಿಸಲೆಂದೇ ಎರಡನೇ ಸಲ ಕರಿಯುವುದು. ಈ ಬಾರಿ ಎಣ್ಣೆ 190 ಡಿಗ್ರಿಯಷ್ಟು ಬಿಸಿ, ಸಮಯ ಮೂವತ್ತೇ ಸೆಕೆಂಡು. ಹೊರಪದರ ಒಣಗಿ ಗರಿಗರಿಯಾಗುತ್ತದೆ, ಒಳಗಿನ ಮಾಂಸ ಮತ್ತೆ ಬೇಯಲು ಸಮಯವೇ ಇರುವುದಿಲ್ಲ.

ಜುಮ್ಮೆನ್ನುವ ಮೆಣಸು

ಕರಿಯುವ ಮೊದಲೇ ಮೇಲಿನ ಪುಡಿ ಸಿದ್ಧವಿರಲಿ. ಒಣ ಬಾಣಲೆಯಲ್ಲಿ ಒಂದು ಟೀ ಚಮಚ ಉಪ್ಪು, ಅರ್ಧ ಟೀ ಚಮಚ ಸಿಚುವಾನ್ ಮೆಣಸು ಹಾಕಿ ಘಮ ಬರುವವರೆಗೆ ಹುರಿದು ಕುಟ್ಟಿ. ಸಿಚುವಾನ್ ಮೆಣಸು ನಾಲಗೆಯನ್ನು ಖಾರದಿಂದ ಸುಡುವುದಿಲ್ಲ, ಜುಮ್ಮೆನ್ನಿಸುತ್ತದೆ. ಕರಾವಳಿಯವರಿಗೆ ಈ ಅನುಭವ ಹೊಸದಲ್ಲ. ಕೊಂಕಣಿ ಮನೆಗಳಲ್ಲಿ ಮೀನಿನ ಸಾರಿಗೆ ಹಾಕುವ ತೆಪ್ಪಳ, ಕನ್ನಡದಲ್ಲಿ ಜುಮ್ಮಿನಕಾಯಿ, ಇದೇ ಸಸ್ಯಕುಲಕ್ಕೆ ಸೇರಿದ್ದು. ಪರಿಮಳ ಬೇರೆ, ಜುಮ್ಮು ಅದೇ. ಊರಿನಿಂದ ಅಮ್ಮ ಕಳಿಸಿದ ತೆಪ್ಪಳ ಡಬ್ಬಿಯಲ್ಲಿದ್ದರೆ ಬೀಜ ತೆಗೆದು ಸಿಪ್ಪೆ ಮಾತ್ರ ಬಳಸಿ ನೋಡಿ. ಎರಡೂ ಇಲ್ಲದಿದ್ದರೆ ಕಾಳುಮೆಣಸಿಗೆ ಮೋಸವಿಲ್ಲ.

ಬಾಣಲೆಯಲ್ಲಿ ಒಂದು ಚಮಚ ಎಣ್ಣೆ, ಜೋರು ಉರಿ. ಸಣ್ಣಗೆ ಹೆಚ್ಚಿದ ಆರು ಎಸಳು ಬೆಳ್ಳುಳ್ಳಿ, ಎರಡು ಹಸಿಮೆಣಸು, ಸ್ವಲ್ಪ ಈರುಳ್ಳಿ ಸೊಪ್ಪು. ಇಪ್ಪತ್ತು ಸೆಕೆಂಡು ಕೈಯಾಡಿಸಿ, ಸೀಗಡಿ ಸುರಿದು, ಅರ್ಧ ಟೀ ಚಮಚ ಪುಡಿ ಉದುರಿಸಿ, ಎರಡು ಸಲ ಎತ್ತಿ ಹಾಕಿ, ಒಲೆ ಆರಿಸಿ.

ಚಿಲ್ಲಿ ಪ್ರಾನ್ಸೇ ಬೇಕೆನ್ನುವವರು ಸಾಸನ್ನು ಬೇರೆಯಾಗಿ ಕುದಿಸಿ, ಸೌಟಿಗೆ ಅಂಟುವಷ್ಟು ಗಟ್ಟಿಯಾದ ಮೇಲೆ ತಿನ್ನುವ ಕ್ಷಣದಲ್ಲಿ ಸೀಗಡಿ ಬೆರೆಸಿ. ಕೆಂಪಿಗಾಗಿ ಬಣ್ಣದ ಪುಡಿ ಬೇಡ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೇ ನಿಷೇಧಿಸಿದೆ. ನೆನೆಸಿ ರುಬ್ಬಿದ ಬ್ಯಾಡಗಿ ಮೆಣಸಿನಕಾಯಿ ಕಡಿಮೆ ಖಾರದಲ್ಲಿ ಬೇಕಾದಷ್ಟು ಬಣ್ಣ ಕೊಡುತ್ತದೆ. ಅಜಿನೊಮೊಟೊ ಹಾಕುವುದು ಬಿಡುವುದು ನಿಮ್ಮಿಷ್ಟ. ಅದು ರುಚಿಯ ವಿಷಯ, ಗರಿಗರಿತನಕ್ಕೂ ಅದಕ್ಕೂ ಸಂಬಂಧವಿಲ್ಲ.

ರೂಮಿನಲ್ಲಿ ಮಾಡುವಾಗ

ಸೀಗಡಿಯ ಅಲರ್ಜಿ ಕೆಲವರಿಗೆ ಪ್ರಾಣಕ್ಕೇ ಸಂಚಕಾರ. ಬೇಯಿಸಿದರೂ ಕರಿದರೂ ಅದು ಹೋಗುವುದಿಲ್ಲ. ರೂಮ್‌ಮೇಟ್‌ಗಳನ್ನು ಮೊದಲೇ ಕೇಳಿ. ಎಣ್ಣೆ ಬಾಣಲೆಯ ಅರ್ಧಕ್ಕಿಂತ ಕೆಳಗಿರಲಿ. ಅಕಸ್ಮಾತ್ ಎಣ್ಣೆಗೆ ಬೆಂಕಿ ಹತ್ತಿದರೆ ಗ್ಯಾಸ್ ಆರಿಸಿ, ತಟ್ಟೆ ಮುಚ್ಚಿ. ನೀರು ಮಾತ್ರ ಹಾಕಲೇಬೇಡಿ. ಉರಿಯುವ ಎಣ್ಣೆಗೆ ಬಿದ್ದ ನೀರು ಥಟ್ಟನೆ ಆವಿಯಾಗಿ, ಬೆಂಕಿಯನ್ನು ಸುತ್ತಲೂ ಎರಚುತ್ತದೆ.

ನಮ್ಮ ರೂಮಿನ ನಾಲ್ವರಲ್ಲಿ ಒಬ್ಬ ಸಸ್ಯಾಹಾರಿ. ಅವನ ಪಾಲಿಗೆ ಇದೇ ಕ್ರಮದಲ್ಲಿ ಬೇಬಿ ಕಾರ್ನ್, ಅಣಬೆ, ಹೂಕೋಸು ಆಗುತ್ತವೆ. ಸೋಡಾ ಬೇಡ, ಮೊಟ್ಟೆಯ ಬದಲು ಎರಡು ಚಮಚ ನೀರು, ಎಣ್ಣೆಯೂ ಬೇರೆ. ಒರೆಸುವುದು, ಕಾರ್ನ್‌ಫ್ಲೋರ್, ಎರಡು ಸಲ ಕರಿಯುವುದು ಎಲ್ಲ ಅದೇ. ಕಾರಣ ಗೊತ್ತಿದ್ದರೆ ಪದಾರ್ಥ ಬದಲಾದರೂ ಕೈ ತಡವರಿಸುವುದಿಲ್ಲ.

ಕೊನೆಗೊಂದು ಮಾತು. ಪಾರ್ಸೆಲ್ ತರಿಸಿದ ಸೀಗಡಿ ಯಾಕೆ ಮೆತ್ತಗಿರುತ್ತದೆ ಎಂಬುದು ಈಗ ನಿಮಗೇ ಹೊಳೆದಿರಬೇಕು. ಮುಚ್ಚಿದ ಡಬ್ಬಿಯಲ್ಲಿ ಆವಿ ನೀರಾಗಿ ಮತ್ತೆ ಸೀಗಡಿಯ ಮೇಲೇ ಇಳಿಯುತ್ತದೆ. ಎಂಥ ಅಡುಗೆಯವನ ಎಂಥ ವಿದ್ಯೆಯೂ ಅರ್ಧ ಗಂಟೆಯ ಟ್ರಾಫಿಕ್‌ನಲ್ಲಿ ಸೋಲುತ್ತದೆ. ರೂಮಿನಲ್ಲಿ ಮಾಡಿದ್ದಕ್ಕೆ ಆ ಕಷ್ಟವಿಲ್ಲ. ಒಲೆಯಿಂದ ತಟ್ಟೆಗೆ ಮೂರೇ ಹೆಜ್ಜೆ. ಅದಕ್ಕೇ ಫೋಟೊ, ಸ್ಟೇಟಸ್ ಎಲ್ಲ ಆಮೇಲೆ. ಮೊದಲು ತಿನ್ನಿ, ಬಿಸಿ ಇರುವಾಗಲೇ.