ಒಟಿಪಿ ಹೇಳಿದರೆ ಸಹಿ ಹಾಕಿದಂತೆಯೇ? ಆಸ್ಪತ್ರೆಯ ಫಾರ್ಮುಗಳಲ್ಲಿ ಎಲೆಕ್ಟ್ರಾನಿಕ್ ಸಹಿ

ನೀವು ಪುಣೆಯಲ್ಲಿ ಕೆಲಸದಲ್ಲಿದ್ದೀರಿ, ತಾಯಿ ಸೊಲ್ಲಾಪುರದ ಒಂದು ಆಸ್ಪತ್ರೆಯಲ್ಲಿ ದಾಖಲಾಗಿದ್ದಾರೆ ಎಂದುಕೊಳ್ಳಿ. ಅವರ ಆಧಾರ್‌ಗೆ ಜೋಡಿಸಿರುವುದು ನಿಮ್ಮ ಮೊಬೈಲ್ ಸಂಖ್ಯೆ. ಆಸ್ಪತ್ರೆಯಿಂದ ಕರೆ ಬರುತ್ತದೆ: "ಒಂದು ಒಟಿಪಿ ಬಂದಿರುತ್ತೆ ಸರ್, ಹೇಳಿಬಿಡಿ, ಫಾರ್ಮ್ ಮುಗಿಸಿಬಿಡ್ತೀವಿ." ನೀವು ಆರು ಅಂಕಿಗಳನ್ನು ಓದಿ ಹೇಳುತ್ತೀರಿ.

ಆ ಆರು ಅಂಕಿ ಫೋನ್ ಸಂಖ್ಯೆ ಸರಿಯಿದೆಯೇ ಎಂದು ನೋಡುವುದಕ್ಕಷ್ಟೇ ಇರಬಹುದು. ಹತ್ತು ಪುಟದ ದಾಖಲೆಯ ಕೆಳಗೆ ನಿಮ್ಮ ತಾಯಿಯ ಸಹಿಯೂ ಆಗಿರಬಹುದು. ಎರಡಕ್ಕೂ ಬರುವ ಸಂದೇಶ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತದೆ, ಆದರೆ ಕಾನೂನಿನಲ್ಲಿ ಎರಡೂ ಒಂದೇ ಅಲ್ಲ. ಆದ್ದರಿಂದ ಹೇಳುವ ಮೊದಲು ಒಂದೇ ಪ್ರಶ್ನೆ ಕೇಳಿ: "ಇದು ಯಾವ ಕಾಗದಕ್ಕೆ? ಮೊದಲು ಅದನ್ನು ನನಗೆ ಕಳುಹಿಸಿ."

ಎಲ್ಲವೂ ಒಂದೇ ಬಗೆಯ ಸಹಿಯಲ್ಲ

ಆಸ್ಪತ್ರೆಯಲ್ಲಿ ನಿಮಗೆ ಎದುರಾಗುವ 'ಇ-ಸಹಿ'ಗಳಲ್ಲಿ ಹೆಚ್ಚಿನವು ತೀರಾ ಸರಳ. ಟ್ಯಾಬ್ ಮೇಲೆ ಬೆರಳಿನಿಂದ ಗೀಚುವುದು, ಚೌಕದಲ್ಲಿ ಟಿಕ್ ಹಾಕುವುದು, 'ನಾನು ಒಪ್ಪುತ್ತೇನೆ' ಎಂಬ ಗುಂಡಿ ಒತ್ತುವುದು, ಮೊಬೈಲಿಗೆ ಬಂದ ಒಟಿಪಿ ಹಾಕುವುದು. ಎರಡನೆಯ ಬಗೆ ಆಧಾರ್ ಇ-ಸೈನ್. ಇದರಲ್ಲಿ ಆಧಾರ್ ಸಂಖ್ಯೆ ಕೊಟ್ಟು, ಅದಕ್ಕೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿಯಿಂದ ಅಥವಾ ಬೆರಳಚ್ಚಿನಿಂದ ಸಹಿ ಮಾಡುತ್ತೇವೆ. ಮೂರನೆಯದು ಪೆನ್ ಡ್ರೈವ್‌ನಂಥ ಯುಎಸ್‌ಬಿ ಟೋಕನ್‌ನಲ್ಲಿರುವ ಡಿಜಿಟಲ್ ಸಹಿ ಪ್ರಮಾಣಪತ್ರ. ಇದನ್ನು ಲೆಕ್ಕಪರಿಶೋಧಕರು, ಕಂಪನಿ ನಿರ್ದೇಶಕರು, ಕೆಲವು ವೈದ್ಯರು ಬಳಸುತ್ತಾರೆ. ರೋಗಿಗಳಿಗೆ ಇದರ ಅಗತ್ಯ ಬೀಳುವುದು ಅಪರೂಪ.

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ 'ಎಲೆಕ್ಟ್ರಾನಿಕ್ ಸಹಿ' ಎಂದು ಕರೆಯುವುದು ಕೊನೆಯ ಎರಡು ಬಗೆಗಳನ್ನು. ಇವು ಕೈಬರಹದ ಸಹಿಗೆ ಸಮ ಎಂದು ಆ ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ. ಹಾಗೆಂದು ಟ್ಯಾಬ್ ಮೇಲಿನ ಗೀಚು ಬೆಲೆಯಿಲ್ಲದ್ದು ಎಂದು ತಿಳಿಯಬೇಡಿ. ಎಲೆಕ್ಟ್ರಾನಿಕ್ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಒಪ್ಪಂದವನ್ನು ತಳ್ಳಿಹಾಕುವಂತಿಲ್ಲ ಎನ್ನುತ್ತದೆ ಸೆಕ್ಷನ್ 10ಎ. ವ್ಯತ್ಯಾಸ ಇರುವುದು ಸಾಬೀತಿನಲ್ಲಿ. ಗೀಚು ನಿಮ್ಮದೇ ಎಂದು ತೋರಿಸುವ ಹೊಣೆ ಅದನ್ನು ನಂಬಿಕೊಂಡ ಆಸ್ಪತ್ರೆಯ ಮೇಲಿರುತ್ತದೆ. ಆಧಾರ್ ಇ-ಸೈನ್ ಆದರೆ, 'ಇದು ನನ್ನದಲ್ಲ' ಎನ್ನುವವರಿಗೇ ಸಾಮಾನ್ಯವಾಗಿ ಹೆಚ್ಚು ಕಷ್ಟ.

ಒಳಗೆ ನಡೆಯುವುದೇನು?

ಆಧಾರ್ ಇ-ಸೈನ್‌ನಲ್ಲಿ ಮೊದಲು ಕಂಪ್ಯೂಟರ್ ಇಡೀ ದಾಖಲೆಯನ್ನು ಓದಿ ಅದರಿಂದ ಒಂದು ಚಿಕ್ಕ ಸಂಕೇತ ತಯಾರಿಸುತ್ತದೆ. ಇದಕ್ಕೆ ಹ್ಯಾಶ್ ಎನ್ನುತ್ತಾರೆ. ದಾಖಲೆಯ ಬೆರಳಚ್ಚು ಎಂದುಕೊಳ್ಳಿ. ದಾಖಲೆಯಲ್ಲಿ ಒಂದು ಅಲ್ಪವಿರಾಮ ಬದಲಾದರೂ ಈ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ನೀವು ಒಟಿಪಿ ಹಾಕಿದ ಕೂಡಲೇ, ಸರ್ಕಾರದ ಪರವಾನಗಿ ಪಡೆದ ಪ್ರಮಾಣೀಕರಣ ಸಂಸ್ಥೆಯೊಂದು ನಿಮ್ಮ ಹೆಸರಿನಲ್ಲಿ ಒಂದು ಜೋಡಿ ಕೀಲಿಗಳನ್ನು ಸೃಷ್ಟಿಸುತ್ತದೆ. ಖಾಸಗಿ ಕೀಲಿಯಿಂದ ಆ ಹ್ಯಾಶನ್ನು ಮುದ್ರೆಯೊತ್ತಿ, ಬಳಿಕ ಆ ಕೀಲಿಯನ್ನು ನಾಶ ಮಾಡುತ್ತದೆ. ಉಳಿಯುವ ಸಾರ್ವಜನಿಕ ಕೀಲಿಯಿಂದ ಯಾರು ಬೇಕಾದರೂ ಸಹಿಯನ್ನು ಪರೀಕ್ಷಿಸಬಹುದು. ಈ ಸಂಸ್ಥೆಗಳಿಗೆ ಪರವಾನಗಿ ಕೊಟ್ಟು ಮೇಲ್ವಿಚಾರಣೆ ಮಾಡುವುದು ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರ ಕಚೇರಿ.

ಇದರಿಂದ ನಿಮಗೆ ಒಂದು ಲಾಭವಿದೆ, ಒಂದು ಎಚ್ಚರಿಕೆಯೂ ಇದೆ. ಸಹಿಯಾದ ಮೇಲೆ ಯಾರಾದರೂ ಪುಟ ಬದಲಿಸಿದರೆ ಸಿಕ್ಕಿಬೀಳುತ್ತಾರೆ ಎಂಬುದು ಲಾಭ. ಆದರೆ ಸಹಿ ಇರುವುದು ಪಿಡಿಎಫ್ ಕಡತದ ಒಳಗೆ, ಪುಟದ ಮೇಲೆ ಕಾಣುವ ಚಿತ್ರದಲ್ಲಿ ಅಲ್ಲ. ಪ್ರಿಂಟ್ ತೆಗೆದರೆ, ಫೋಟೊ ಹೊಡೆದರೆ, ಸ್ಕ್ರೀನ್‌ಶಾಟ್ ಇಟ್ಟುಕೊಂಡರೆ ಸಹಿಯ ಚಿತ್ರವಷ್ಟೇ ಉಳಿಯುತ್ತದೆ, ಪರೀಕ್ಷಿಸಲು ಏನೂ ಉಳಿಯುವುದಿಲ್ಲ. ಮೂಲ ಪಿಡಿಎಫ್ ಅನ್ನೇ ಇಮೇಲಿನಲ್ಲಿ ತರಿಸಿಕೊಂಡು ಹಾಗೆಯೇ ಇಟ್ಟುಕೊಳ್ಳಿ. ತೆರೆದಾಗ 'ಸಹಿ ಪರಿಶೀಲನೆಯಾಗಿಲ್ಲ' ಎಂದು ಹಳದಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಗಾಬರಿಯಾಗಬೇಡಿ. ಭಾರತದ ಮೂಲ ಪ್ರಮಾಣಪತ್ರವನ್ನು ನಿಮ್ಮ ಕಂಪ್ಯೂಟರ್ ಇನ್ನೂ ನಂಬಿಲ್ಲ ಎಂದಷ್ಟೇ ಹಲವು ಸಲ ಅದರ ಅರ್ಥ.

ಸಹಿ ಇದ್ದರೆ ಸಮ್ಮತಿ ಇದೆ ಎಂದಲ್ಲ

ತಂತ್ರಜ್ಞಾನ ಎಷ್ಟೇ ಗಟ್ಟಿಯಾಗಿರಲಿ, ಅದು ಹೇಳುವುದು 'ಈ ವ್ಯಕ್ತಿ ಈ ದಾಖಲೆಗೆ ಸಹಿ ಮಾಡಿದರು' ಎಂಬುದನ್ನು ಮಾತ್ರ. 'ಅರ್ಥಮಾಡಿಕೊಂಡು ಮಾಡಿದರು' ಎಂದು ಅದು ಹೇಳಲಾರದು. ಚಿಕಿತ್ಸೆಯ ವಿಷಯದಲ್ಲಿ ಮುಖ್ಯವಾದುದು ಈ ಎರಡನೆಯದೇ.

2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಇಲ್ಲಿ ನೆನೆಯಬೇಕು. ದೆಹಲಿಯ ಆ ಮಹಿಳೆ ರೋಗ ಪತ್ತೆಗಾಗಿ ಲ್ಯಾಪರೋಸ್ಕೋಪಿಗೆ ಒಪ್ಪಿದ್ದರು. ಅರಿವಳಿಕೆಯಲ್ಲಿದ್ದಾಗ ಹೊರಗೆ ಕುಳಿತಿದ್ದ ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆಯಲಾಯಿತು. ಪ್ರಾಣಾಪಾಯದ ತುರ್ತು ಇರಲಿಲ್ಲ, ರೋಗಿ ವಯಸ್ಕರು, ಎಚ್ಚರವಾದ ಮೇಲೆ ತಾವೇ ತೀರ್ಮಾನಿಸಬಲ್ಲವರಾಗಿದ್ದರು. ಹಾಗಾಗಿ ತಾಯಿಯ ಒಪ್ಪಿಗೆ ಸಿಂಧುವಲ್ಲ ಎಂದಿತು ನ್ಯಾಯಾಲಯ. ಚಿಕಿತ್ಸೆ ಏನು, ಏಕೆ, ಅಪಾಯವೇನು, ಬೇರೆ ದಾರಿ ಇದೆಯೇ, ಮಾಡಿಸದಿದ್ದರೆ ಏನಾಗುತ್ತದೆ ಎಂಬುದನ್ನು ರೋಗಿಗೆ ತಿಳಿಸಿದ ಮೇಲೆ ಕೊಟ್ಟ ಒಪ್ಪಿಗೆಯೇ ನಿಜವಾದ ಒಪ್ಪಿಗೆ ಎಂದೂ ಹೇಳಿತು. ಕಾಗದದ ಕಾಲದ ಈ ಮಾತು ಟ್ಯಾಬ್‌ಗೂ ಅನ್ವಯಿಸುತ್ತದೆ.

ಟ್ಯಾಬ್‌ನ ತೊಂದರೆ ಏನೆಂದರೆ, ಎಷ್ಟೋ ಸಲ ನಿಮ್ಮ ಮುಂದೆ ಬರುವುದು ಸಹಿಯ ಚೌಕ ಮಾತ್ರ. ಮೇಲಿನ ಪುಟಗಳನ್ನು ತೋರಿಸಲು ಕೇಳಿ. ಅದರಲ್ಲಿ ರೋಗಿಯ ಹೆಸರು, ಚಿಕಿತ್ಸೆಯ ಹೆಸರು, ಎಡವೋ ಬಲವೋ, ವೈದ್ಯರ ಹೆಸರು ಭರ್ತಿಯಾಗಿದೆಯೇ ನೋಡಿ. ಖಾಲಿ ಜಾಗವಿರುವ ಫಾರ್ಮಿಗೆ ಸಹಿ ಬೇಡ.

ಕರ್ನಾಟಕದ ಹೊರಗಿರುವ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಒಂದು ಸಾಲು ಹೆಚ್ಚಿನ ಸಮ್ಮತಿ ಪತ್ರಗಳ ಕೊನೆಯಲ್ಲಿ ಇರುತ್ತದೆ: 'ನನಗೆ ತಿಳಿಯುವ ಭಾಷೆಯಲ್ಲಿ ಇದನ್ನು ವಿವರಿಸಲಾಗಿದೆ.' ಮುಂಬೈನಲ್ಲಿ ಅದು ಇಂಗ್ಲಿಷಿನಲ್ಲೋ ಮರಾಠಿಯಲ್ಲೋ, ಚೆನ್ನೈನಲ್ಲಿ ತಮಿಳಿನಲ್ಲೋ ಇದ್ದು, ಊರಿನಿಂದ ಬಂದ ಅಪ್ಪನಿಗೆ ಕನ್ನಡ ಬಿಟ್ಟು ಬೇರೆ ಬಾರದಿದ್ದರೆ ಆ ಸಾಲು ಸುಳ್ಳಾಗುತ್ತದೆ. ಕನ್ನಡ ಬಲ್ಲ ನರ್ಸ್ ಅಥವಾ ವೈದ್ಯರು ಇದ್ದಾರೆಯೇ ಕೇಳಿ, ಬಹಳ ಆಸ್ಪತ್ರೆಗಳಲ್ಲಿ ಯಾರಾದರೂ ಸಿಗುತ್ತಾರೆ. ಯಾರೂ ಇಲ್ಲದೆ ನೀವೇ ಅನುವಾದಿಸಿ ಹೇಳಿದರೆ, 'ಮಗ ಕನ್ನಡದಲ್ಲಿ ವಿವರಿಸಿದರು' ಎಂದು ಫಾರ್ಮಿನಲ್ಲೇ ಬರೆಸಿ. ಟ್ಯಾಬ್‌ನಲ್ಲಿ ಬರೆಯಲು ಜಾಗವಿಲ್ಲವೆಂದರೆ ಕಾಗದದ ಫಾರ್ಮ್ ಕೇಳಿ. ಪೆನ್ನಿನ ಸಹಿ, ಹೆಬ್ಬೆಟ್ಟು ಎರಡೂ ಇಂದಿಗೂ ಕಾನೂನುಬದ್ಧ.

ಇನ್ನು ತುರ್ತು ಸ್ಥಿತಿ. ಒಟಿಪಿ ಬರಲಿಲ್ಲ, ನೆಟ್‌ವರ್ಕ್ ಇಲ್ಲ ಎಂದು ಜೀವ ಉಳಿಸುವ ಚಿಕಿತ್ಸೆಯನ್ನು ತಡೆಹಿಡಿಯುವಂತಿಲ್ಲ. 1989ರ ಪರಮಾನಂದ ಕಟಾರಾ ತೀರ್ಪಿನಲ್ಲೇ, ಗಾಯಾಳುವಿನ ಜೀವ ಮೊದಲು, ಕಾನೂನಿನ ವಿಧಿವಿಧಾನ ಆಮೇಲೆ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಅಮ್ಮನ ಒಟಿಪಿ, ಮಗನ ಫೋನ್

ಮೇಲೆ ಹೇಳಿದ ಸೊಲ್ಲಾಪುರದ ಕರೆಗೆ ಉತ್ತರ ಈಗ ಸುಲಭ. ತಾಯಿ ಎಚ್ಚರವಾಗಿದ್ದು ಯೋಚಿಸಬಲ್ಲವರಾಗಿದ್ದರೆ ಒಪ್ಪಿಗೆ ಅವರದ್ದೇ ಆಗಬೇಕು. ಅವರನ್ನು ಫೋನ್ ಲೈನಿಗೆ ತೆಗೆದುಕೊಂಡು ಕಾಗದದಲ್ಲಿ ಏನಿದೆ ಎಂದು ತಿಳಿಸಿ. ಅವರು ಸರಿ ಎಂದ ಮೇಲೆ ಅಂಕಿ ಹೇಳಿ. ಅವರಿಗೆ ಗೊತ್ತಿಲ್ಲದೆ ನೀವು ಹೇಳಿದರೆ, ದಾಖಲೆಯಲ್ಲಿ ಸಹಿ ಮಾಡಿದವರು ಅವರೇ ಎಂದು ಉಳಿಯುತ್ತದೆ. ನಿಮ್ಮ ಹೆಸರು ಅಲ್ಲಿ ಎಲ್ಲೂ ಇರುವುದಿಲ್ಲ. ಮುಂದೆ ಆಸ್ತಿಯದೋ ವಿಮೆಯದೋ ತಕರಾರು ಬಂದಾಗ ಅಣ್ಣತಮ್ಮಂದಿರ ನಡುವೆ ಇದೇ ಪ್ರಶ್ನೆ ಏಳಬಹುದು. ಮೋಸದ ಉದ್ದೇಶದಿಂದ ಇನ್ನೊಬ್ಬರ ಎಲೆಕ್ಟ್ರಾನಿಕ್ ಸಹಿ ಅಥವಾ ಪಾಸ್‌ವರ್ಡ್ ಬಳಸುವುದಂತೂ ಸೆಕ್ಷನ್ 66ಸಿ ಪ್ರಕಾರ ಅಪರಾಧ, 3 ವರ್ಷದವರೆಗೆ ಜೈಲು ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಪ್ರಜ್ಞೆ ಇಲ್ಲದ ರೋಗಿಯ ಹೆಬ್ಬೆರಳನ್ನು ಯಂತ್ರದ ಮೇಲೆ ಒತ್ತಿಸುವುದನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಬೇಡಿ. ಯಂತ್ರ 'ಸರಿ' ಎಂದರೂ ಅದು ಸಹಿಯಲ್ಲ. ರೋಗಿ ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಹತ್ತಿರದ ಸಂಬಂಧಿ ತಮ್ಮ ಹೆಸರಿನಲ್ಲಿ, ಸಂಬಂಧವನ್ನು ನಮೂದಿಸಿ ಸಹಿ ಮಾಡುವುದು ಸರಿಯಾದ ಕ್ರಮ. ಮಕ್ಕಳ ವಿಷಯದಲ್ಲೂ ಅಷ್ಟೇ, ತಂದೆತಾಯಿ ತಮ್ಮದೇ ಸಹಿ ಹಾಕಬೇಕು.

ಬಿಲ್ಲಿಂಗ್ ಕೌಂಟರಿನ ಸಾಲ

ಚಿಕಿತ್ಸೆಯ ಖರ್ಚಿಗೆ 'ಕಂತಿನಲ್ಲಿ ಕಟ್ಟಿ' ಎಂದು ಕೌಂಟರಿನಲ್ಲೇ ಫೋನಿನಲ್ಲಿ ಫಾರ್ಮ್ ತುಂಬಿಸುವುದು ಈಗ ಸಾಮಾನ್ಯ. ಅದು ಆಸ್ಪತ್ರೆ ಕೊಡುವ ರಿಯಾಯಿತಿ ಎಂದುಕೊಂಡು ಒಟಿಪಿ ಹಾಕುವವರಿದ್ದಾರೆ. ಬಹುತೇಕ ಅದು ಒಂದು ಹಣಕಾಸು ಸಂಸ್ಥೆಯ ಸಾಲ, ಇ-ಸೈನ್ ಆದ ಕ್ಷಣ ನೀವು ಸಾಲಗಾರರು. ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲ ನಿಯಮಗಳ ಪ್ರಕಾರ, ಬಡ್ಡಿ ಮತ್ತು ಶುಲ್ಕಗಳೆಲ್ಲ ಸೇರಿ ವರ್ಷಕ್ಕೆ ಎಷ್ಟಾಗುತ್ತದೆ ಎಂದು ತೋರಿಸುವ ಮುಖ್ಯಾಂಶ ಪತ್ರವನ್ನು ಸಹಿಗೆ ಮೊದಲೇ ಕೊಡಬೇಕು. ಸಹಿಯಾದ ಬಳಿಕ ಡಿಜಿಟಲ್ ಸಹಿಯಿರುವ ದಾಖಲೆಗಳು ನಿಮ್ಮ ಇಮೇಲಿಗೋ ಎಸ್‌ಎಂಎಸ್‌ಗೋ ತಾವಾಗಿ ಬರಬೇಕು. ಕನಿಷ್ಠ ಒಂದು ದಿನದ ಅವಧಿಯೊಳಗೆ ಅಸಲು ಮತ್ತು ಆ ದಿನಗಳ ಬಡ್ಡಿ ಕಟ್ಟಿ, ದಂಡವಿಲ್ಲದೆ ಸಾಲದಿಂದ ಹೊರಬರುವ ಅವಕಾಶವೂ ಇದೆ. ಆರೋಗ್ಯ ವಿಮೆಯ ಹೊಸ ಪಾಲಿಸಿಯನ್ನು ಆನ್‌ಲೈನಿನಲ್ಲಿ ಒಪ್ಪಿದ್ದರೆ, ಓದಿ ನೋಡಿ ಬೇಡವೆನಿಸಿದಲ್ಲಿ ಹಿಂದಿರುಗಿಸಲು 30 ದಿನ ಸಮಯವಿದೆ.

ಎಲ್ಲಿ ಇ-ಸಹಿ ನಡೆಯುವುದಿಲ್ಲ

ರೋಗಿಯ ಹಾಸಿಗೆಯ ಪಕ್ಕದಲ್ಲಿ ತರಾತುರಿಯಿಂದ ಮಾಡುವ ಮುಖ್ಯ ಕಾಗದಗಳಿಗೇ ಇ-ಸಹಿ ಸಾಲುವುದಿಲ್ಲ ಎಂಬುದನ್ನು ಮನೆಯವರು ತಿಳಿದಿರಬೇಕು. ಮರಣಶಾಸನ, ಅಂದರೆ ವಿಲ್, ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹೊರಗಿಟ್ಟ ದಾಖಲೆಗಳಲ್ಲಿ ಒಂದು. ಅದಕ್ಕೆ ಕಾಗದದ ಮೇಲೆ ಸಹಿ ಅಥವಾ ಹೆಬ್ಬೆಟ್ಟು, ಜೊತೆಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ಮನೆಯವರಿಗೆ ಬರೆದುಕೊಡುವ ಪವರ್ ಆಫ್ ಅಟಾರ್ನಿಯೂ ಇದೇ ಪಟ್ಟಿಯಲ್ಲಿದೆ. ಆ ಅಧಿಕಾರಪತ್ರದ ಬಗ್ಗೆ ಇನ್ನೊಂದು ಮಾತು: ಬರೆದುಕೊಟ್ಟವರ ಬುದ್ಧಿ ಸ್ಥಿಮಿತದಲ್ಲಿ ಇಲ್ಲವಾದರೆ ಅದು ಅಲ್ಲಿಗೆ ಮುಗಿಯುತ್ತದೆ. ಕೋಮಾದಲ್ಲಿರುವವರ ಬ್ಯಾಂಕ್ ಖಾತೆ ನಿರ್ವಹಿಸಲು ಕುಟುಂಬಗಳು ಹೈಕೋರ್ಟಿಗೆ ಹೋಗಿ ಪಾಲಕರಾಗಿ ನೇಮಕವಾಗಬೇಕಾಗಿ ಬಂದಿರುವುದು ಇದೇ ಕಾರಣಕ್ಕೆ.

ಚೇತರಿಕೆ ಸಾಧ್ಯವಿಲ್ಲದ ಹಂತದಲ್ಲಿ ವೆಂಟಿಲೇಟರ್‌ನಂಥ ಚಿಕಿತ್ಸೆ ಬೇಕೇ ಬೇಡವೇ ಎಂದು ಮುಂಚಿತವಾಗಿ ಬರೆದಿಡುವ ಪತ್ರವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿತು. 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಹಾಗೆ ಮಾಡಿದ ಪತ್ರವನ್ನು ಡಿಜಿಟಲ್ ಆರೋಗ್ಯ ದಾಖಲೆಯಲ್ಲಿ ಸೇರಿಸಿಡಬಹುದು.

ಅನುಮಾನ ಬಂದರೆ

ಯಾವುದಕ್ಕೆ ಒಟಿಪಿ ಕೊಟ್ಟೆವು ಎಂದೇ ನೆನಪಿಲ್ಲದಿದ್ದರೆ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ದೃಢೀಕರಣ ಇತಿಹಾಸ ನೋಡಿ. ಹಿಂದಿನ 6 ತಿಂಗಳಲ್ಲಿ ನಿಮ್ಮ ಆಧಾರ್ ಯಾವಾಗ, ಯಾವ ಸಂಸ್ಥೆಯ ಮೂಲಕ ಬಳಕೆಯಾಯಿತು ಎಂಬುದು ಅಲ್ಲಿರುತ್ತದೆ. ಬೆರಳಚ್ಚು ದುರ್ಬಳಕೆಯ ಭಯವಿದ್ದರೆ ಬಯೋಮೆಟ್ರಿಕ್‌ಗೆ ಅಲ್ಲಿಯೇ ಬೀಗ ಹಾಕಬಹುದು. ಆಸ್ಪತ್ರೆಯಲ್ಲಿ ಸಹಿ ಮಾಡಿಸಿಕೊಂಡ ಸಮ್ಮತಿ ಪತ್ರದ ಪ್ರತಿ ಬೇಕಿದ್ದರೆ ಲಿಖಿತವಾಗಿ ಕೇಳಿ. ಕೇಳಿದ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆಗಳನ್ನು ಕೊಡಬೇಕು ಎನ್ನುತ್ತವೆ 2002ರ ವೈದ್ಯಕೀಯ ವೃತ್ತಿ ನಡವಳಿಕೆ ನಿಯಮಗಳು. ವಿಮೆ ಅಥವಾ ಆಸ್ಪತ್ರೆಯ ಹೆಸರಿನಲ್ಲಿ ಒಟಿಪಿ ಕೇಳಿ ಹಣ ಲಪಟಾಯಿಸಿದ್ದರೆ ಮೊದಲು 1930ಕ್ಕೆ ಕರೆ ಮಾಡಿ, ಬಳಿಕ ಬ್ಯಾಂಕಿಗೆ ತಿಳಿಸಿ. ಆ ಸಂದೇಶವನ್ನು ಮಾತ್ರ ಅಳಿಸಬೇಡಿ, ಪೊಲೀಸರು ಮೊದಲು ಕೇಳುವುದು ಅದನ್ನೇ.