ಹೆಬ್ಬಗೋಡಿಯ ನಗರ ಬೆಳವಣಿಗೆ ಮತ್ತು ಯೋಜನೆ

ಹೆಬ್ಬಗೋಡಿಯು ಬೆಂಗಳೂರು ನಗರ ಜಿಲ್ಲೆಯ ಆನೇಕಲ್ ತಾಲ್ಲೂಕಿನಲ್ಲಿ, ಹೊಸೂರು ರಸ್ತೆಯ (ರಾಷ್ಟ್ರೀಯ ಹೆದ್ದಾರಿ 44) ಬದಿಯಲ್ಲಿರುವ ಪಟ್ಟಣ. ಎಲೆಕ್ಟ್ರಾನಿಕ್ ಸಿಟಿ ಮತ್ತು ಬೊಮ್ಮಸಂದ್ರ ಕೈಗಾರಿಕಾ ಪ್ರದೇಶಗಳ ನಡುವೆ ಇರುವ ಇದರ ಸ್ಥಳೀಯ ಆಡಳಿತವನ್ನು ನಗರಸಭೆ ನಡೆಸುತ್ತದೆ. ಸಾರ್ವಜನಿಕ ವಲಯ ಪ್ರಧಾನವಾಗಿದ್ದ ಅರ್ಥವ್ಯವಸ್ಥೆಯಿಂದ ಭಾರತವು ಉದಾರೀಕರಣದತ್ತ ಹೊರಳಿದ ಕಾಲದಲ್ಲಿ ನಗರದಂಚಿನ ಹಳ್ಳಿಗಳು ಬೆಳೆದ ರೀತಿಗೆ ಹೆಬ್ಬಗೋಡಿ ಒಂದು ಉದಾಹರಣೆ. ಇಲ್ಲಿ ಉದ್ಯೋಗ, ವಸತಿ ಮತ್ತು ಸಾರಿಗೆಯನ್ನು ಬೇರೆ ಬೇರೆ ಸಂಸ್ಥೆಗಳು ಬೇರೆ ಬೇರೆ ಕಾಲದಲ್ಲಿ ರೂಪಿಸಿದವು.

ಹಿನ್ನೆಲೆ

ಸ್ವಾತಂತ್ರ್ಯಾನಂತರ ಬೆಂಗಳೂರಿನಲ್ಲಿ ಐಟಿಐ (1948), ಎಚ್‌ಎಂಟಿ (1953), ಬಿಇಎಲ್ (1954) ಮುಂತಾದ ಸರ್ಕಾರಿ ಉದ್ದಿಮೆಗಳು ಸ್ಥಾಪನೆಯಾದವು. ಇವು ದೂರವಾಣಿನಗರ, ಜಾಲಹಳ್ಳಿ ಮೊದಲಾದೆಡೆ ಕಾರ್ಮಿಕರಿಗಾಗಿ ವಸತಿಗೃಹ, ಶಾಲೆ ಮತ್ತು ಆಸ್ಪತ್ರೆಗಳನ್ನೂ ನಿರ್ಮಿಸಿದವು. ಸಮಾಜವಾದಿ ದೇಶಗಳಲ್ಲಿ ಇದೇ ಕ್ರಮ ಇನ್ನೂ ದೊಡ್ಡ ಪ್ರಮಾಣದಲ್ಲಿತ್ತು. ಪೋಲೆಂಡಿನಲ್ಲಿ 1949ರಲ್ಲಿ ನಿರ್ಮಾಣ ಆರಂಭವಾದ ನೋವಾ ಹುತಾ, ಉಕ್ಕಿನ ಕಾರ್ಖಾನೆಗೆಂದೇ ಯೋಜಿಸಿದ ನಗರವಾಗಿತ್ತು.

1970ರ ದಶಕದ ಕೊನೆಯಲ್ಲಿ ಕರ್ನಾಟಕ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು ಆರ್. ಕೆ. ಬಾಳಿಗ ಅವರ ಮುಂದಾಳತ್ವದಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ಸುಮಾರು 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿತು. 1991ರ ಆರ್ಥಿಕ ಸುಧಾರಣೆಗಳ ನಂತರ ಇಲ್ಲಿ ಖಾಸಗಿ ಕಂಪನಿಗಳು ವೇಗವಾಗಿ ಬೆಳೆದವು. ಬೊಮ್ಮಸಂದ್ರದಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಕಾರ್ಖಾನೆಗಳಿಗೆ ನಿವೇಶನ ಒದಗಿಸಿತು. ಆದರೆ ಹಳೆಯ ಸರ್ಕಾರಿ ಉದ್ದಿಮೆಗಳಂತೆ ನೌಕರರಿಗೆ ವಸತಿ ಬಡಾವಣೆ ಕಟ್ಟಿಕೊಡುವ ಪದ್ಧತಿ ಹೊಸ ಕಂಪನಿಗಳಲ್ಲಿ ಇರಲಿಲ್ಲ.

ವಸತಿ ಮತ್ತು ನೀರು

ಈ ಕೊರತೆಯನ್ನು ಸುತ್ತಲಿನ ಹಳ್ಳಿಗಳು ತುಂಬಿದವು. ಹೆಬ್ಬಗೋಡಿಯ ಕೃಷಿ ಭೂಮಿ ನಿವೇಶನಗಳಾಗಿ ಮಾರ್ಪಟ್ಟಿತು. ಭೂಮಾಲೀಕರು ಕಟ್ಟಿದ ವಠಾರಗಳು, ಬಾಡಿಗೆ ಮನೆಗಳು ಮತ್ತು ಪಿ.ಜಿ.ಗಳಲ್ಲಿ ಕಾರ್ಖಾನೆ ಕಾರ್ಮಿಕರು, ಹೊರರಾಜ್ಯಗಳ ವಲಸಿಗರು ಮತ್ತು ಐ.ಟಿ. ನೌಕರರು ನೆಲೆಸಿದರು. ಮನೆಗಳು ಮೊದಲು ಬಂದು, ರಸ್ತೆ ಮತ್ತು ಒಳಚರಂಡಿ ನಂತರ ಬಂದುದರಿಂದ ಅಗತ್ಯ ಸೌಕರ್ಯಗಳಿಗೆ ಜಾಗ ಹೊಂದಿಸುವುದು ಕಷ್ಟವಾಯಿತು. ನೀರಿಗಾಗಿ ನಿವಾಸಿಗಳು ಹೆಚ್ಚಾಗಿ ಕೊಳವೆಬಾವಿ ಮತ್ತು ಟ್ಯಾಂಕರ್‌ಗಳನ್ನು ಅವಲಂಬಿಸಿದ್ದಾರೆ. ಕೊಳಚೆ ನೀರಿನಿಂದ ಹಾಳಾಗಿದ್ದ ಹೆಬ್ಬಗೋಡಿ ಕೆರೆಯನ್ನು ಬಯೋಕಾನ್ ಪ್ರತಿಷ್ಠಾನದ ನೆರವಿನಿಂದ ಪುನಶ್ಚೇತನಗೊಳಿಸಲಾಯಿತು.

ಯೋಜನಾ ಆಡಳಿತ

ಬೆಂಗಳೂರು ನಗರದ ಮಹಾಯೋಜನೆಯನ್ನು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು (1976) ಸಿದ್ಧಪಡಿಸುತ್ತಿತ್ತು. ಹೆಬ್ಬಗೋಡಿ ಸೇರಿದ ಪ್ರದೇಶವು ಆನೇಕಲ್ ಯೋಜನಾ ಪ್ರಾಧಿಕಾರಕ್ಕೆ ಒಳಪಟ್ಟಿದೆ. ಇವೆರಡನ್ನೂ ಒಳಗೊಂಡ ವಿಶಾಲ ಪ್ರದೇಶದ ಸಮನ್ವಯಕ್ಕಾಗಿ 1985ರ ಕಾಯ್ದೆಯಡಿ ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರವನ್ನು ರಚಿಸಲಾಯಿತು. 2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಹೆಬ್ಬಗೋಡಿ ಅದರ ಹೊರಗೇ ಉಳಿಯಿತು. 2013ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಪ್ರತ್ಯೇಕ ಕೈಗಾರಿಕಾ ನಗರ ಪ್ರಾಧಿಕಾರ ಬಂದಿತು. ಹೀಗಾಗಿ ನೌಕರರು ದುಡಿಯುವ ಸ್ಥಳದ ಆಡಳಿತವೇ ಬೇರೆ, ಅವರು ವಾಸಿಸುವ ಸ್ಥಳದ ಆಡಳಿತವೇ ಬೇರೆಯಾಗಿದೆ.

ಸಾರಿಗೆ ಸಂಪರ್ಕ

2010ರ ಜನವರಿಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿವರೆಗಿನ ಸುಮಾರು 10 ಕಿ.ಮೀ. ಉದ್ದದ ಮೇಲ್ಸೇತುವೆ ಸಂಚಾರಕ್ಕೆ ತೆರೆಯಿತು. ಶುಲ್ಕ ನೀಡಬೇಕಾದ ಈ ರಸ್ತೆಯು ಹೆಬ್ಬಗೋಡಿಗಿಂತ ಮೊದಲೇ ಕೊನೆಗೊಳ್ಳುತ್ತದೆ. ನಮ್ಮ ಮೆಟ್ರೊ ಎರಡನೇ ಹಂತಕ್ಕೆ 2014ರಲ್ಲಿ ಕೇಂದ್ರದ ಅನುಮೋದನೆ ದೊರೆಯಿತು. ಅದರ ಭಾಗವಾದ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ 16 ನಿಲ್ದಾಣಗಳ ಹಳದಿ ಮಾರ್ಗವು 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಹೆಬ್ಬಗೋಡಿಯಲ್ಲಿ ಈ ಮಾರ್ಗದ ಒಂದು ನಿಲ್ದಾಣ ಮತ್ತು ಡಿಪೊ ಇವೆ. ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿಕೊಂಡು ನಗರದ ಕೇಂದ್ರ ಭಾಗವನ್ನು ತಲುಪಬಹುದು. ಉಪನಗರ ರೈಲು ಯೋಜನೆಯ 'ಕನಕ' ಮಾರ್ಗವು ಸಮೀಪದ ಹೀಲಲಿಗೆಯನ್ನು ರಾಜಾನುಕುಂಟೆಯೊಂದಿಗೆ ಜೋಡಿಸುವ ಉದ್ದೇಶ ಹೊಂದಿದೆ.

ಮೆಟ್ರೊ ಮಾರ್ಗವು ಹೊಸೂರು ರಸ್ತೆಗುಂಟ ಸಾಗುತ್ತದೆ. ಆದ್ದರಿಂದ ಒಳಗಿನ ಬಡಾವಣೆಗಳಿಗೆ ಅದರ ಪ್ರಯೋಜನವು ಕಾಲುದಾರಿ, ಬೀದಿದೀಪ ಮತ್ತು ನಿಲ್ದಾಣಕ್ಕೆ ಕರೆದೊಯ್ಯುವ ಬಸ್ಸುಗಳನ್ನು ಅವಲಂಬಿಸುತ್ತದೆ. ಪಾಳಿಯಲ್ಲಿ ದುಡಿಯುವ ಕಾರ್ಮಿಕರಿಗೆ ಇವು ಮುಖ್ಯ. ಸಂಪರ್ಕ ಸುಧಾರಿಸಿದಂತೆ ಬಾಡಿಗೆ ಏರಿದರೆ, ಕಡಿಮೆ ವೇತನದವರು ನಿಲ್ದಾಣದಿಂದ ಇನ್ನೂ ದೂರಕ್ಕೆ ಸರಿಯಬೇಕಾಗುತ್ತದೆ. ಈ ಕಾರಣದಿಂದ ಸಾರಿಗೆ ಯೋಜನೆಯ ಜೊತೆಯಲ್ಲೇ ಕೈಗೆಟುಕುವ ಬಾಡಿಗೆ ವಸತಿಯನ್ನೂ ಯೋಜಿಸುವುದು ಇಂತಹ ಪಟ್ಟಣಗಳ ಪ್ರಮುಖ ಅಗತ್ಯವಾಗಿದೆ.